ಕೆಳಗಿನ ವಾಕ್ಯವನ್ನು ಡೈರೆಕ್ಟ್ ಸ್ಪೀಚಿಗೆ ಬದಲಾಯಿಸಿ

ಎಡವಟ್ಟು ಶುರುವಾದದ್ದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಲು ಕಾರಣ ನಮ್ಮನೆ ಕುಕ್ಕರ್. ಮೊದಲ ಲಾಕ್‌ಡೌನಿನ ಏಪ್ರಿಲ್, ಒಂದು ಶನಿವಾರ. ಅನ್ನಕ್ಕೆ ಇಟ್ಟಿದ್ದೆ. ಎರಡನೇ ವಿಷಲ್ ಆಗಿತ್ತು. ಮೂರನೆಯದು ಆಗುವುದರೊಳಗೆ ಬಟ್ಟೆ ಒಣಹಾಕಿ ಬರೋಣವೆಂದು ಹಿತ್ತಲಿಗೆ ಹೋದೆ. ಆಗ ಢಮ್ ಎಂದಿತು. ಕುಕ್ಕರ್ ಸಿಡಿದೇಹೋಯಿತು ಎಂದು ಒಳಗೆ ಓಡಿ ಬಂದೆ. ಕುಕ್ಕರ್ ಒಲೆಯ ಮೇಲೆ ಭದ್ರವಾಗಿ ಕೂತಿತ್ತು. ನನ್ನನ್ನು ನೋಡಿದ ಮೇಲೆ ನಿಧಾನವಾಗಿ ಮೂರನೇ ವಿಷಲ್ ಹಾಕಿತು. ಗಡಿಯಾರ ನೋಡಿದೆ, ಒಲೆ ಆರಿಸಿದೆ. ಪಕ್ಕದ ಮನೆಯವರು ಕಾಗೆ ಹೊಡೆದಿರಬೇಕು ಎಂದುಕೊಂಡು ಮತ್ತೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಗೆ ಹೋದೆ.

ನಮ್ಮ ಬಾಡಿಗೆ ಮನೆ ಐರ್ಲೆಂಡಿನ ಕಿಲ್ಕೆನ್ನಿಯಿಂದ ಸ್ವಲ್ಪ ಹೊರಗೆ, ಹೊಲಗಳ ನಡುವೆ. ಹೆಂಡತಿ ಡಾಕ್ಟರು. ನಾನು ತುಮಕೂರಿನಲ್ಲಿ ಪಿಯು ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಗ್ರಾಮರ್ ಕಲಿಸಿದವನು. ಇಂಗ್ಲಿಷ್ ಮಾತಾಡುವ ದೇಶಕ್ಕೆ ಬಂದ ಮೇಲೆ ನನ್ನ ಇಂಗ್ಲಿಷ್ ಯಾರಿಗೂ ಬೇಕಾಗಲಿಲ್ಲ. ಅನ್ನ ಮಾಡುವುದು, ಮಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಮಗಳು ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಅವಳ ವಾಕ್ಯ ತಿದ್ದುತ್ತಿದ್ದೆ. ಉಳಿದಿದ್ದ ವಿದ್ಯಾರ್ಥಿನಿ ಅವಳೊಬ್ಬಳೇ.

ಪಕ್ಕದ ತೋಟದಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು. ಇಬ್ಬರಿಗೂ ಅರವತ್ತು ದಾಟಿತ್ತು, ಇಬ್ಬರಿಗೂ ಮದುವೆಯಾಗಿರಲಿಲ್ಲ. ಅಪ್ಪ ಬಿಟ್ಟುಹೋದ ಜಮೀನು, ದನ, ಒಂದು ಅಡುಗೆಮನೆ. ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಯಾಕೆಂದು ಊರಿಗೆ ಗೊತ್ತಿರಲಿಲ್ಲ. ಅವರಿಗೂ ನೆನಪಿತ್ತೋ ಇಲ್ಲವೋ. ಹೇಳಲೇಬೇಕಾದದ್ದಿದ್ದರೆ ನಾಯಿಗೆ ಹೇಳುತ್ತಿದ್ದರು. "ಟೀ ಆಗಿದೆ ಅಂತ ಹೇಳು ಅವನಿಗೆ" ಎಂದು ಅಣ್ಣ ನಾಯಿಯ ಮುಖ ನೋಡಿ ಹೇಳುವುದು, ತಮ್ಮ ಅದರ ಹಿಂದೆಯೇ ಎದ್ದು ಒಳಗೆ ಹೋಗುವುದು, ಇದನ್ನು ನಾನೇ ಕಂಡಿದ್ದೇನೆ. ಹೀಗೂ ಸಂಸಾರ ನಡೆಯುತ್ತದೆ, ಮನೆ ಮಲಗುವುದಕ್ಕೆ ಮಾತ್ರ ಆಗಿದ್ದರೆ. ಅಣ್ಣ ಹಗಲೆಲ್ಲ ದನದ ಸಂತೆ, ಹೊಲ ಎಂದು ಹೊರಗಿರುತ್ತಿದ್ದರು. ತಮ್ಮ ಸಂಜೆಯೆಲ್ಲ ಪಬ್ಬಿನಲ್ಲಿ. ಆಮೇಲೆ ಸರ್ಕಾರ ಸಂತೆಯನ್ನೂ ಪಬ್ಬನ್ನೂ ಮುಚ್ಚಿಸಿ, ಮನೆಯಲ್ಲೇ ಇರಿ, ಸುರಕ್ಷಿತವಾಗಿರಿ ಎಂದಿತು.

ನನ್ನ ಜೊತೆ ಮಾತ್ರ ಇಬ್ಬರೂ ಮಾತಾಡುತ್ತಿದ್ದರು, ಬೇರೆಬೇರೆ ಹೊತ್ತಿನಲ್ಲಿ, ಹಿತ್ತಲ ಕಲ್ಲುಗೋಡೆಯ ಆಚೆ ನಿಂತು. ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ ಎಂದು ಗೊತ್ತಾದ ದಿನದಿಂದ ಅಣ್ಣನಿಗೆ ನಾನು 'ಪ್ರೊಫೆಸರ್'. "ನಿಮ್ಮ ವರ್ಬುಗಳು ಹೇಗಿವೆ ಪ್ರೊಫೆಸರ್?" ಎಂದು ಕೇಳುವರು. "ಗ್ರ್ಯಾಂಡ್" ಎನ್ನುತ್ತಿದ್ದೆ. ಈ ದೇಶದಲ್ಲಿ ನಾನು ಮೊದಲು ಕಲಿತ ಪದ ಅದು. ಚೆನ್ನಾಗಿದ್ದೀರಾ ಎಂದರೂ ಗ್ರ್ಯಾಂಡ್, ಮಳೆ ಬರುತ್ತಿದೆ ಎಂದರೂ ಗ್ರ್ಯಾಂಡ್, ಕಾಲು ಮುರಿದಿದೆ ಎಂದರೂ ಗ್ರ್ಯಾಂಡ್. ನಮ್ಮ ಕಡೆಯ 'ಸರಿ ಬಿಡಿ'ಗೆ ಇಷ್ಟು ತಾಳ್ಮೆಯಿಲ್ಲ.

ಆ ಶನಿವಾರ ನಾನು ಮತ್ತೆ ಹೊರಗೆ ಬಂದಾಗ ಅಣ್ಣ ಗೋಡೆಯ ಆಚೆ ನಿಂತಿದ್ದರು. ಗೋಡೆಯಿಂದ ಎರಡು ಮೀಟರ್ ದೂರದಲ್ಲಿ, ನಿಯಮದ ಮನುಷ್ಯ. ಮೊಣಕಾಲುದ್ದದ ಬೂಟು, ತೋಳಿನ ಮೇಲೆ ಬಂದೂಕು. ಅದರಲ್ಲಿ ಆಶ್ಚರ್ಯವೇನಿರಲಿಲ್ಲ, ಬಿತ್ತನೆಯ ಕಾಲದಲ್ಲಿ ಕಾಗೆಗಾಗಿ ದಿನಾ ಹೊರತೆಗೆಯುತ್ತಿದ್ದ ಲೈಸೆನ್ಸಿನ ಬಂದೂಕು. ವರ್ಬುಗಳ ಬಗ್ಗೆ ಕೇಳಲಿಲ್ಲ. ಹವಾಮಾನ ಹೇಳುವ ದನಿಯಲ್ಲೇ ಹೇಳಿದರು:

"ಐಯಾಮ್ ಆಫ್ಟರ್ ಶೂಟಿಂಗ್ ದ ಬ್ರದರ್. ಗೋ ಆನ್ ಇನ್ ನೌ, ಗುಡ್ ಮ್ಯಾನ್."

ನಾನು "ಗ್ರ್ಯಾಂಡ್" ಅಂದೆ.

ಅಂದು, ತಿರುಗಿ, ನಾಲ್ಕು ಹೆಜ್ಜೆ ಇಟ್ಟ ಮೇಲೆ ವಾಕ್ಯದ ಅರ್ಥ ತಲೆಗೆ ಹತ್ತಿತು. ಆಫ್ಟರ್ ಅಂದರೆ ಬೆನ್ನು ಹತ್ತಿದ್ದಾನೆ. ತಮ್ಮನನ್ನು ಶೂಟ್ ಮಾಡಲು ಹೊರಟಿದ್ದಾನೆ. ನೀನು ಒಳಗೆ ಹೋಗು ಅನ್ನುತ್ತಿದ್ದಾನೆ, ಅಂದರೆ ಹೋಗದಿದ್ದರೆ? ಬೆನ್ನಿನ ಮೇಲೆ ಬಂದೂಕಿನ ತುದಿ ಇದೆಯೇನೋ ಎನ್ನುವಂತೆ, ಓಡದೆ, ಬುಟ್ಟಿಯನ್ನು ಕೈಯಲ್ಲೇ ಹಿಡಿದು ಒಳಗೆ ಬಂದೆ. ಬಾಗಿಲಿಗೆ ಚಿಲಕ ಹಾಕಿದೆ. ಮಗಳನ್ನು ಎಳೆದುಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿದೆ. ಅವಳಿಗೆ ಏನೂ ಕೇಳಿಸಬಾರದೆಂದು ಅವಳ ಟ್ಯಾಬಿನಲ್ಲಿ ಕಾರ್ಟೂನ್ ಹಾಕಿ ದನಿ ಪೂರ್ತಿ ಏರಿಸಿದೆ. "ಅಪ್ಪಾ, ಇಟ್ಸ್ ಟೂ ಲೌಡ್" ಎಂದಳು. "ಇರಲಿ, ನೋಡು" ಎಂದೆ. ನನ್ನ ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಅಡುಗೆಮನೆಯ ಕಿಟಕಿ ಅವರ ಅಂಗಳಕ್ಕೇ ತೆರೆಯುತ್ತದೆ. ಹೋಗಲೋ ಬೇಡವೋ ಎಂದು ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಗ ಹೊರಗೆ ಇನ್ನೊಂದು ಸಲ ಢಮ್ ಎಂದಿತು. ಒಂದೇ ಸಲವೋ ಎರಡು ಸಲವೋ. ಕಾರ್ಟೂನಿನಲ್ಲೂ ಯಾರೋ ಯಾರನ್ನೋ ಸುತ್ತಿಗೆಯಿಂದ ಹೊಡೆಯುತ್ತಿದ್ದರು.

ಆಮೇಲೆ ಅಂಬೆಗಾಲಿಟ್ಟು ಹೋಗಿ ಫೋನು ತಂದು ಗಾರ್ಡಾಗಳನ್ನು, ಅಂದರೆ ಇಲ್ಲಿಯ ಪೊಲೀಸರನ್ನು, ಕರೆದೆ. ಅವರು ಬಂದು ನೋಡಿದಾಗ ತಮ್ಮ ಅಡುಗೆಮನೆಯಲ್ಲಿ ಸತ್ತಿದ್ದರು, ಅಣ್ಣ ದನದ ಕೊಟ್ಟಿಗೆಯ ಹಿಂದೆ, ಪಕ್ಕದಲ್ಲಿ ಬಂದೂಕು. ನಾಯಿ ಇಬ್ಬರ ನಡುವೆ ಓಡಾಡುತ್ತಿತ್ತು. ಅದರ ಕೈಲಿ ಹೇಳಿಕಳಿಸುವವರು ಯಾರೂ ಉಳಿದಿರಲಿಲ್ಲ.

ಸಂಜೆ ಮಾಸ್ಕ್ ಹಾಕಿಕೊಂಡ ಗಾರ್ಡಾ ಒಬ್ಬರು ನಮ್ಮ ಅಂಗಳದಲ್ಲಿ ನಿಂತು ಹೇಳಿಕೆ ಬರೆದುಕೊಂಡರು. ಇಲ್ಲಿ ನನ್ನ ವೃತ್ತಿ ಕೆಲಸಕ್ಕೆ ಬಂತು. ನನ್ನ ಬಾಯಿಂದ ಶುದ್ಧ ಇಂಗ್ಲಿಷ್ ಬಂತು. ಇನ್ನೊಬ್ಬರ ಮಾತನ್ನು ವರದಿ ಮಾಡುವುದು ಹೇಗೆಂದು ನಮ್ಮ ರಾಜ್ಯದ ಪ್ರತಿ ಮಗುವಿಗೂ ಗೊತ್ತು: ಕೆಳಗಿನ ವಾಕ್ಯವನ್ನು ಇನ್‌ಡೈರೆಕ್ಟ್ ಸ್ಪೀಚಿಗೆ ಬದಲಾಯಿಸಿ. ನಾನು ಬದಲಾಯಿಸಿದೆ. ಸರ್ವನಾಮ ಸರಿಪಡಿಸಿದೆ, ಕಾಲ ಸರಿಪಡಿಸಿದೆ. "ತಾನು ತನ್ನ ತಮ್ಮನನ್ನು ಶೂಟ್ ಮಾಡಲು ಹೋಗುತ್ತಿರುವುದಾಗಿಯೂ, ನಾನು ಮನೆಯೊಳಗೆ ಹೋಗಬೇಕೆಂದೂ ಆತ ನನಗೆ ತಿಳಿಸಿದ." ಪೂರ್ತಿ ಅಂಕ ಕೊಡಬಹುದಾದ ವಾಕ್ಯ.

"ನೀವೇನಂದ್ರಿ?" ಎಂದರು ಗಾರ್ಡಾ.

"ಗ್ರ್ಯಾಂಡ್ ಅಂದೆ."

ಅವರು ಒಂದು ಕ್ಷಣ ಪೆನ್ನು ನಿಲ್ಲಿಸಿ, ಆಮೇಲೆ ಬರೆದದ್ದನ್ನು ಓದಿ ಹೇಳಿದರು: ಸಾಕ್ಷಿಯು ಮಾತನ್ನು ಕೇಳಿಸಿಕೊಂಡಿದ್ದಾಗಿ ಸೂಚಿಸಿದರು. ಅವರಿಗೂ ಇನ್‌ಡೈರೆಕ್ಟ್ ಸ್ಪೀಚ್ ಬರುತ್ತಿತ್ತು.

ಆವತ್ತಿನಿಂದ ನನ್ನ ಮುಂದೆ ಒಂದೇ ಪ್ರಶ್ನೆ: ತಪ್ಪು ಯಾರದು? ಮಾತು ಮೊದಲು, ಗುಂಡು ಆಮೇಲೆ. ಕೊಲ್ಲಲು ಹೋಗುತ್ತಿದ್ದೇನೆ ಎಂದು ಒಬ್ಬ ಮನುಷ್ಯ ನನಗೆ ಹೇಳಿದ. ನಾನು ಆಗಲಿ ಎಂದೆ. ಗುಂಡಿನ ಸದ್ದು ಬರುವವರೆಗೆ ನಾನು ಕಾರ್ಟೂನಿನ ದನಿ ಏರಿಸುತ್ತಿದ್ದೆ. ಕೂಗಬಹುದಿತ್ತು. ತಮ್ಮನ ಹೆಸರು ಹಿಡಿದು ಕಿರುಚಬಹುದಿತ್ತು. ಅಡುಗೆಮನೆಗೆ ತಕ್ಷಣ ನುಗ್ಗಿ ಫೋನು ತೆಗೆದುಕೊಳ್ಳಬಹುದಿತ್ತು.

ಅಂತ್ಯಕ್ರಿಯೆಗೆ ಹತ್ತು ಜನಕ್ಕಿಂತ ಹೆಚ್ಚಿಗೆ ಬರುವಂತಿರಲಿಲ್ಲ. ಊರವರು ರಸ್ತೆಯ ಎರಡೂ ಕಡೆ ದೂರದೂರ ನಿಂತರು. ಅಷ್ಟು ವರ್ಷ ಅಂತರ ಕಾಯ್ದುಕೊಂಡವರ ಪೆಟ್ಟಿಗೆಗಳು ಒಂದರ ಹಿಂದೊಂದು ಹೋದವು. ಆದ ಮೇಲೆ ಅವರ ತಂಗಿ ನಮ್ಮ ಗೇಟಿಗೆ ಬಂದರು. ನೇಸ್ ಎಂಬ ಊರಿನಲ್ಲಿ ನೆಲೆಸಿದವರು, ಆ ಮನೆಯ ಕೊನೆಯ ಮಗಳು. ಗೇಟು ತೆರೆಯಲಿಲ್ಲ.

"ಅವನು ನಿಮಗೆ ಮೊದಲೇ ಹೇಳಿದ್ದ ಅಂತ ಗಾರ್ಡ್ಸ್ ಹೇಳಿದ್ರು."

"ಹೌದು."

"ಮೊದಲೇ?"

"ಹೌದು."

ಅವರು ತಲೆಯಾಡಿಸಿ, ಥ್ಯಾಂಕ್ಸ್ ಎಂದು ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಹುಡುಕಬಹುದು. ಥ್ಯಾಂಕ್ಸಿಗೆ ಎಲ್ಲಿ ಹುಡುಕಲಿ?

ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಗೋಡೆ, ಬೂಟು, ಬಂದೂಕು. ಬಂದೂಕು ಮಡಿಚಿದ ಸ್ಥಿತಿಯಲ್ಲಿತ್ತೋ ನೆಟ್ಟಗಿತ್ತೋ? ಮಡಿಚಿದ್ದರೆ ಗುಂಡು ಹಾರುವುದಿಲ್ಲವಂತೆ. ಒಂದೊಂದು ಸಲ ಒಂದೊಂದು ಥರ ಕಾಣುತ್ತಿತ್ತು. ಕುಕ್ಕರಿನ ವಿಷಲ್ ಕೇಳಿದರೆ ಬಚ್ಚಲ ಕಡೆ ಓಡುತ್ತಿದ್ದೆ. ಅದಕ್ಕೇ ಕುಕ್ಕರನ್ನು ಕಪಾಟಿನ ಮೇಲಿಟ್ಟು ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದೆ. ಒಂದು ದಿನ ಅಂಟು, ಒಂದು ದಿನ ಅಕ್ಕಿ. ಪಿಪಿಇ ಕಿಟ್ಟಿನಲ್ಲಿ ಹನ್ನೆರಡು ಗಂಟೆ ಬೆಂದು ಬರುತ್ತಿದ್ದ ಹೆಂಡತಿ ಅದನ್ನು ಮಾತಿಲ್ಲದೆ ತಿನ್ನುತ್ತಿದ್ದಳು. ಕೊರೋನಾದ ನಟ್ಟನಡುವೆ ದಿನಾ ನಿಂತು ಬರುವವಳು ರಾತ್ರಿ ಕಲ್ಲಿನಂತೆ ಮಲಗುತ್ತಿದ್ದಳು. ಮನೆಯಲ್ಲೇ ಇದ್ದು ಸುರಕ್ಷಿತವಾಗಿದ್ದ ನಾನು ಎದ್ದು ಕೂತಿರುತ್ತಿದ್ದೆ.

ಬೆಂಗಳೂರಿನಿಂದ ಅಕ್ಕ ಫೋನು ಮಾಡಿ, "ಗನ್ನು ಗಿನ್ನು ಎಲ್ಲಾ ಅಮೆರಿಕದಲ್ಲಲ್ವೇನೋ? ನೀನಿರೋದು ಯಾವ ದೇಶ ಸರಿಯಾಗಿ ಹೇಳು" ಎಂದಳು. ಮರುವರ್ಷ ವಿಚಾರಣೆಗೆ ಕರೆ ಬಂದಾಗ ಅವಳಿಗೆ ಹೇಳುವುದು ಇನ್ನೂ ಕಷ್ಟವಾಯಿತು.

"ಕೊರೋನರ್ ಕರೆದಿದ್ದಾರೆ ಅಕ್ಕಾ."

"ಅಯ್ಯೋ! ಯಾರಿಗೋ ಬಂತು? ನಿಂಗಾ, ಮಗೂಗಾ?"

"ಕೊರೋನಾ ಅಲ್ಲ, ಕೊರೋನರ್. ಸಾವು ಹೇಗಾಯ್ತು ಅಂತ ವಿಚಾರಿಸೋ ಅಧಿಕಾರಿ."

"ಅದಕ್ಕೂ ಒಬ್ಬ ಅಧಿಕಾರಿನ ಇಟ್ಟಿದ್ದಾರಾ! ಇಲ್ಲಿ ಲೆಕ್ಕ ಇಡೋಕೇ ಜನ ಇಲ್ಲ. ಹೋಗೋವಾಗ ಎರಡು ಮಾಸ್ಕ್ ಹಾಕ್ಕೊಂಡು ಹೋಗು."

ಕೋರ್ಟಿನ ಕೊಠಡಿ ಚಿಕ್ಕದೆಂದು ವಿಚಾರಣೆಯನ್ನು ಹೋಟೆಲೊಂದರ ಮದುವೆ ಹಾಲಿನಲ್ಲಿ ಇಟ್ಟಿದ್ದರು. ತಲೆಯ ಮೇಲೆ ಗಾಜಿನ ದೀಪಗುಚ್ಛ, ಗೋಡೆಗೆ ಬಂಗಾರದ ಬಣ್ಣದ ಪರದೆ. ದೂರದೂರ ಹಾಕಿದ ಕುರ್ಚಿಗಳಲ್ಲಿ ಜ್ಯೂರಿಯವರು, ಗಾರ್ಡಾಗಳು, ಮುಂದಿನ ಸಾಲಿನಲ್ಲಿ ಒಬ್ಬರೇ ತಂಗಿ. ವಧೂವರರು ಕೂರುವ ಮೇಜಿನ ಹಿಂದೆ ಕೊರೋನರ್. ವಯಸ್ಸಾದ ಹೆಂಗಸು, ಕನ್ನಡಕ ಮಾಸ್ಕಿನ ಆವಿಗೆ ಮಂಜಾಗುತ್ತಿತ್ತು. ಶುರುವಿನಲ್ಲೇ ಅವರು ಹೇಳಿದರು: ಸತ್ತವರು ಯಾರು, ಯಾವಾಗ, ಎಲ್ಲಿ, ಹೇಗೆ ಎಂಬುದಷ್ಟೇ ಇಲ್ಲಿಯ ಕೆಲಸ. ತಪ್ಪು ಯಾರದು ಎಂದು ಈ ಸಭೆ ಕೇಳುವುದಿಲ್ಲ. ಅಷ್ಟು ತಿಂಗಳು ಅದೊಂದನ್ನೇ ಓದಿಕೊಂಡು ಬಂದಿದ್ದ ನನಗೆ ಪ್ರಶ್ನೆಯೇ ಔಟ್ ಆಫ್ ಸಿಲಬಸ್ ಆಯಿತು.

ನನಗಿಂತ ಮೊದಲು ಮಾತಾಡಿದ ಶವಪರೀಕ್ಷೆಯ ಡಾಕ್ಟರು, ಗುಂಡು ತಗಲಿದ ಕೂಡಲೇ ಇಬ್ಬರೂ ಸತ್ತಿದ್ದಾರೆ, ಆದರೆ ಮೊದಲ ಸಾವಿಗೂ ಎರಡನೆಯದಕ್ಕೂ ಎಷ್ಟು ಅಂತರವಿತ್ತೆಂದು ದೇಹ ನೋಡಿ ಹೇಳಲಾಗದು ಎಂದರು. ಖಾಲಿ ತೋಟಾಗಳಿಂದಲೂ ಗೊತ್ತಾಗಲಿಲ್ಲವೆಂದು ಗಾರ್ಡಾ ಹೇಳಿದರು. ಕಾಗೆ ಹೊಡೆದ ತೋಟಾಗಳು ಅಂಗಳದ ತುಂಬ ಬಿದ್ದಿದ್ದವಂತೆ. ಉಳಿದದ್ದು ನಾನು.

ಪ್ರಮಾಣಕ್ಕೆ ಬೈಬಲ್ ಬೇಕೇ ಎಂದು ಕೇಳಿದರು, ಬೇಡವೆಂದೆ. ಸತ್ಯವನ್ನೇ ಹೇಳುತ್ತೇನೆ ಎಂಬ ವಾಕ್ಯವನ್ನು ಒಂದು ತಪ್ಪಿಲ್ಲದೆ ಓದಿದೆ.

"ಎರಡು ಗಂಟೆ ಹತ್ತು ನಿಮಿಷ ಅಂತ ಹೇಗೆ ಗೊತ್ತು ನಿಮಗೆ?" ಎಂದರು ಕೊರೋನರ್.

"ಪ್ರೆಷರ್ ಕುಕ್ಕರ್, ಮೇಡಂ." ವಿವರಿಸಿದೆ. ಜ್ಯೂರಿಯಲ್ಲೊಬ್ಬರು ಕೆಮ್ಮಿದರು. ಆ ಕಾಲದಲ್ಲಿ ನಗುವುದಕ್ಕಿಂತ ಕೆಮ್ಮುವುದು ದೊಡ್ಡ ತಪ್ಪಾದ್ದರಿಂದ ಎಲ್ಲರೂ ಅವರತ್ತ ತಿರುಗಿ ನೋಡಿದರು.

ಕೊರೋನರ್ ನನ್ನ ಹೇಳಿಕೆಯನ್ನು ಓದಿದರು. ತಾನು ತನ್ನ ತಮ್ಮನನ್ನು ಶೂಟ್ ಮಾಡಲು ಹೋಗುತ್ತಿರುವುದಾಗಿಯೂ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ಬಹಳ ಚೊಕ್ಕವಾದ ಇಂಗ್ಲಿಷ್. ಆದ್ರೆ ಆ ಮನೆಯವರು ಯಾರೂ ಹೀಗೆ ಮಾತಾಡಿದ್ದು ನಾನು ಕೇಳಿಲ್ಲ. ಅವರು ಏನಂದ್ರೋ ಅದನ್ನೇ ಹೇಳ್ತೀರಾ? ಅವರದೇ ಮಾತಲ್ಲಿ."

ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ದಿನಾ ರಾತ್ರಿ ಕಿವಿಯಲ್ಲಿ ಕೇಳಿಸುತ್ತಿದ್ದ ವಾಕ್ಯವನ್ನು ಒಂದು ಸಲವೂ ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಹೆಂಡತಿಯ ಹತ್ತಿರ ಕೂಡ.

"ಐಯಾಮ್ ಆಫ್ಟರ್ ಶೂಟಿಂಗ್ ದ ಬ್ರದರ್," ಎಂದೆ.

ಮುಂದಿನ ಸಾಲಿನಿಂದ ತಂಗಿ "ಓ" ಎಂದರು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ.

"ಗೋಯಿಂಗ್ ಆಫ್ಟರ್ ಅಂದ್ರಾ?" ಎಂದರು ಕೊರೋನರ್.

"ಇಲ್ಲ. ಗೋಯಿಂಗ್ ಇರಲಿಲ್ಲ. ಅದನ್ನ ನಾನು ಸೇರಿಸಿದೆ. ಅರ್ಥ ಆಗಲಿ ಅಂತ."

ಅವರು ಕನ್ನಡಕ ಹಾಕಿಕೊಂಡು, ನನಗೋಸ್ಕರ ಎನ್ನುವಂತೆ ನಿಧಾನವಾಗಿ ಹೇಳಿದರು. "ಈ ದೇಶದಲ್ಲಿ 'ಐಯಾಮ್ ಆಫ್ಟರ್ ಈಟಿಂಗ್' ಅಂದ್ರೆ ಈಗ ತಾನೇ ಊಟ ಆಯ್ತು ಅಂತ ಅರ್ಥ. ಊಟ ಮಾಡೋಕೆ ಹೊರಟಿದ್ದೀನಿ ಅಂತಲ್ಲ. ಅವರು ನಿಮಗೆ ಹೇಳಿದ್ದು, ಈಗ ತಾನೇ ಶೂಟ್ ಮಾಡಿ ಬಂದೆ ಅಂತ. ನೀವು ಮೊದಲು ಕೇಳಿದ ಸದ್ದು, ಆ ಕುಕ್ಕರ್ ಅಂದುಕೊಂಡದ್ದು, ಅದು ಕಾಗೆಗಲ್ಲ."

ಮೇಜಿನ ಅಂಚು ಹಿಡಿದುಕೊಂಡೆ. ಹೊಡೆದು ಬಂದೆ. ಹೊಡೆದ ಮೇಲೆ ಬಂದಿದ್ದೇನೆ. ಆಫ್ಟರ್ ಅಂದರೆ ಬರೀ 'ಮೇಲೆ', ಊಟ ಆದ ಮೇಲೆ ಎನ್ನುವಾಗಿನ ಮೇಲೆ. ಕನ್ನಡದಲ್ಲಿ ಕೇಳಿಸಿಕೊಂಡಿದ್ದರೆ ನಿಂತಲ್ಲೇ ಅರ್ಥವಾಗುತ್ತಿತ್ತು. ಎಂಎ ಇಂಗ್ಲಿಷಿನಲ್ಲಿ ಕೇಳಿಸಿಕೊಂಡೆ. ವರ್ಬುಗಳು ಹೇಗಿವೆ ಪ್ರೊಫೆಸರ್ ಎಂದು ವರ್ಷಗಟ್ಟಲೆ ವಿಚಾರಿಸಿದ ಮನುಷ್ಯ ಕೊನೆಯ ದಿನ ಒಂದೇ ಒಂದು ವರ್ಬ್ ಕೊಟ್ಟ. ನಾನು ಅದರ ಕಾಲ ತಪ್ಪು ಮಾಡಿದೆ.

"ಆಮೇಲೆ ನೀವೇನಂದ್ರಿ? ಇಲ್ಲಿ 'ಸೂಚಿಸಿದರು' ಅಂತ ಬರೆದಿದೆ."

"ಗ್ರ್ಯಾಂಡ್ ಅಂದೆ, ಮೇಡಂ."

ಈ ಸಲ ಯಾರೂ ಕೆಮ್ಮಲಿಲ್ಲ.

ಜ್ಯೂರಿಯವರು ತಮ್ಮನ ಸಾವಿಗೊಂದು, ಅಣ್ಣನ ಸಾವಿಗೊಂದು ತೀರ್ಪು ಕೊಟ್ಟರು. ಇಬ್ಬರೂ ಕೊನೆಗೂ ಒಂದೇ ಕಡತದಲ್ಲಿ ಸೇರಿದರು. ಹೊರಗೆ ಕಾರಿನ ಹತ್ತಿರ ನಿಂತಿದ್ದಾಗ ತಂಗಿ ಬಂದರು. ಮಾಸ್ಕ್ ಗಲ್ಲಕ್ಕೆ ಇಳಿಸಿದ್ದರು. ಅವರ ಪೂರ್ತಿ ಮುಖವನ್ನು ನಾನು ನೋಡಿದ್ದು ಅದೇ ಮೊದಲು, ಮೂಗು ಅಣ್ಣನದೇ.

"ಒಂದು ವರ್ಷದ ಮೇಲಾಯ್ತು, ದಿನಾ ನಿಮ್ಮನ್ನ ಶಪಿಸ್ತಾ ಇದ್ದೆ," ಎಂದರು. "ಒಂದು ಮಾತು ಕೂಗಿದ್ರೆ ನನ್ನ ಚಿಕ್ಕಣ್ಣ ಬಾಗಿಲು ಹಾಕ್ಕೊತಿದ್ದ ಅಂತ."

"ನಾನೂ ಹಾಗೇ ಅಂದುಕೊಂಡಿದ್ದೆ."

"ಅಷ್ಟೊತ್ತಿಗಾಗಲೇ ಅವನು ಹೋಗಿದ್ದ."

"ಹೌದು. ಆದ್ರೆ ನಿಮ್ಮ ದೊಡ್ಡಣ್ಣ ಇನ್ನೂ ಇದ್ರು. ನನ್ನ ಎದುರಿಗೇ ಇದ್ರು."

ಅವರು ಹೋಟೆಲಿನ ಕಡೆ ನೋಡಿದರು. "ಅವನು ನಿಮ್ಮನ್ನ ಏನೂ ಕೇಳಲಿಲ್ಲ. ಹೇಳಿದ, ಅಷ್ಟೇ. ನಾಯಿ ಬಿಟ್ಟು ಮನುಷ್ಯನಿಗೆ ಹೇಳಿದ್ದೇ ದೊಡ್ಡದು." ಆಮೇಲೆ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. "ಗ್ರ್ಯಾಂಡ್ ಅಂದ್ರಾ! ದೇವರೇ. ನಮ್ಮಪ್ಪ ಇದ್ದಿದ್ರೂ ಅದನ್ನೇ ಅಂತಿದ್ದ. ಇಡೀ ಊರಲ್ಲಿ ಹೋಗಿ ಹೋಗಿ ಇಂಗ್ಲಿಷ್ ಮೇಷ್ಟ್ರಿಗೆ ಹೇಳಿದ್ನಲ್ಲ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ, ಈ ಸಲ ಡೈರೆಕ್ಟ್ ಸ್ಪೀಚಿನಲ್ಲಿ. ಅವಳು ಕೈಲಿದ್ದ ಲೋಟ ಕೆಳಗಿಟ್ಟಳು.

"ರೀ, ನನ್ನ ಪೇಷಂಟುಗಳು ದಿನಾ ಹೇಳ್ತಾರಲ್ರೀ! ಐಯಾಮ್ ಆಫ್ಟರ್ ವಾಮಿಟಿಂಗ್ ಡಾಕ್ಟರ್ ಅಂತ. ನಾನೇನು ಬಕೆಟ್ ತಗೊಂಡು ಓಡ್ತೀನಾ? ಒರೆಸೋ ಬಟ್ಟೆ ತಗೊಂಡು ಹೋಗ್ತೀನಿ. ಇಷ್ಟು ದಿನ ಆ ಮಾತನ್ನ ನನಗೊಂದು ಸಲ ಹೇಳಬಾರದಿತ್ತಾ?"

"ಹೇಳಿದ್ನಲ್ಲ."

"ನೀವು ಅರ್ಥ ಹೇಳಿದ್ರಿ. ಮಾತು ಹೇಳಲಿಲ್ಲ."

ಮಗಳು ಸೋಫಾದಿಂದ ತಲೆಯೆತ್ತಿದಳು. "ಐ ಸೇ ಇಟ್ ಎವ್ರಿ ನೈಟ್, ಅಪ್ಪಾ. ಐಯಾಮ್ ಆಫ್ಟರ್ ಬ್ರಶಿಂಗ್ ಮೈ ಟೀತ್. ಆ್ಯಂಡ್ ಯೂ ಮೇಕ್ ಮಿ ಬ್ರಶ್ ಅಗೇನ್."

ನಿಜ. ದಿನಾ ರಾತ್ರಿ ಜಗಳ. ಬ್ರಶ್ ಮಾಡ್ತೀನಿ ಅನ್ನುತ್ತಾಳೆ, ಮಾಡುವುದಿಲ್ಲ ಎಂದು ನಾನೇ ಬಚ್ಚಲಿಗೆ ಎಳೆದೊಯ್ದು ಎರಡನೇ ಸಲ ಉಜ್ಜಿಸುತ್ತಿದ್ದೆ. ಐರ್ಲೆಂಡಿನಲ್ಲೇ ಅತ್ಯಂತ ಸ್ವಚ್ಛ ಹಲ್ಲಿನ ಮಗು, ತಂದೆಯ ವ್ಯಾಕರಣದ ದೆಸೆಯಿಂದ.

ಅದಾದ ಕೂಡಲೇ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಗೋಡೆಯೂ ಬೂಟೂ ಆಮೇಲೂ ಬರುತ್ತಿದ್ದವು. ಬಂದೂಕು ಮಡಿಚಿತ್ತೋ ನೆಟ್ಟಗಿತ್ತೋ, ಇವತ್ತಿಗೂ ಗೊತ್ತಿಲ್ಲ. ಆದರೆ ಆತ ಈಗ ಎಲ್ಲಿಗೋ ಹೊರಟವನ ಹಾಗೆ ಕಾಣುತ್ತಿರಲಿಲ್ಲ. ಎಲ್ಲಿಂದಲೋ ಬಂದವನ ಹಾಗೆ ಕಾಣುತ್ತಿದ್ದ. ಮಾಡಬಾರದ್ದು ಮಾಡಿ, ಇನ್ನೇನು ಮಾಡಲೂ ತೋಚದೆ, ನೆರೆಯವನನ್ನು ಹೆದರಿಸದ ಹಾಗೆ ಒಳಗೆ ಕಳಿಸಿದವನು. ಅಂಥವನ ಎದುರು ನಾನು ಏನು ಹೇಳಬೇಕಿತ್ತೋ, ಅದಕ್ಕೆ ಯಾವ ಭಾಷೆಯಲ್ಲಿ ಪದವಿದೆಯೋ.

ಅಕ್ಟೋಬರಿನ ಒಂದು ಭಾನುವಾರ ಹೆಂಡತಿಗೆ ರಜೆಯಿತ್ತು. ಅವಳೇ ಸ್ಟೂಲು ಹಾಕಿಕೊಂಡು ಕಪಾಟಿನ ಮೇಲಿನಿಂದ ಕುಕ್ಕರ್ ಇಳಿಸಿ, ಧೂಳು ತೊಳೆದು, ಅನ್ನಕ್ಕಿಟ್ಟಳು. ನಾನು ಬಚ್ಚಲ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತೆ. ಮೂರೂ ವಿಷಲ್ ಆದವು, ಮತ್ತೇನೂ ಆಗಲಿಲ್ಲ. ಉದುರುದುರಾದ ಅನ್ನಕ್ಕೆ ಸಾರು ಕಲಸಿಕೊಂಡು ಮೂವರೂ ಗಡದ್ದಾಗಿ ಉಂಡೆವು. ಆ ರಾತ್ರಿ ಮಲಗಿದ್ದು ನೆನಪಿದೆ. ಏಳುವಾಗ ಕಿಟಕಿಯಲ್ಲಿ ಬೆಳಕಿತ್ತು.

ಹೆಂಡತಿ ಹಾಸಿಗೆಯ ಅಂಚಿನಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದಳು.

"ಏನಾಯ್ತೇ?" ಎಂದೆ.

"ಏನಾಯ್ತಾ? ರಾತ್ರಿಯಿಡೀ ಗೊರಕೆ ಹೊಡೆದಿದ್ದೀರಿ. ಕುಕ್ಕರೇ ವಾಸಿ, ಮೂರಕ್ಕೆ ನಿಲ್ಲಿಸುತ್ತೆ. ಒಂದು ನಿಮಿಷ ರೆಪ್ಪೆ ಮುಚ್ಚಿಲ್ಲ ನಾನು."

"ಗ್ರ್ಯಾಂಡ್," ಅಂದೆ.